ಗಜ್ಜುಗಕ್ಕೆ ತಿಂಗಳ ಬಾಡಿಗೆ

ಗುಬ್ಬಿ
2 ಜೂನ್ 2025

ಚಿ. ರೂಪಶ್ರೀಗೆ ಚನ್ನಬಸವಯ್ಯ ಮೇಷ್ಟ್ರ ಆಶೀರ್ವಾದಗಳು.

ನಿಮ್ಮ ಕಂಪನಿಗೆ ಮೊದಲು ಕಂಪ್ಯೂಟರಿನಲ್ಲೇ ದೂರು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: 'ತಮ್ಮ ಮಾತು ನಮಗೆ ಅಮೂಲ್ಯ. ತಮ್ಮ ಟಿಕೆಟ್ ಸಂಖ್ಯೆ 40816.' ಟಿಕೆಟ್ಟೇನೋ ಕೈಗೆ ಬಂತು, ಹದಿಮೂರು ದಿನವಾದರೂ ಬಸ್ಸಿನ ಸುಳಿವಿಲ್ಲ. 'ಅಮೂಲ್ಯ' ಎಂಬ ಆ ವಾಕ್ಯವನ್ನು ಕನ್ನಡ ಮಾಡಿಕೊಟ್ಟವನೂ ನಾನೇ ಆದ್ದರಿಂದ ಅದರ ಬೆಲೆ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತು. ಹೀಗಾಗಿ ನಮ್ಮ ಹಳೇ ದಾರಿ ಹಿಡಿದಿದ್ದೇನೆ. ನಾಲ್ಕು ವರ್ಷದ ಹಿಂದೆ, ಬ್ರೌಸರಿನಲ್ಲೇ ಆಟ ಕಟ್ಟುವ ನಿಮ್ಮ 'ಗಜ್ಜುಗ' ಸಾಫ್ಟ್‌ವೇರಿನ ಪರದೆಯ ಮೇಲೆ ಬರುವ ಸಾವಿರದ ನಾನೂರ ಹನ್ನೆರಡು ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಕನ್ನಡಕ್ಕಿಳಿಸಿ, ಇದೇ ಅಂಚೆಯಲ್ಲಿ ಕಂತು ಕಂತಾಗಿ ಕಳಿಸಿದ್ದೆ. ನೀನು ಕೂತು ಟೈಪು ಮಾಡಿದ್ದೆ. ನನಗೆ ಟೈಪು ಬರುವುದಿಲ್ಲವೆಂದಲ್ಲ. ಕೈಯಲ್ಲಿ ಬರೆಯದ ಕನ್ನಡದ ಮೇಲೆ ನನಗೆ ನಂಬಿಕೆಯಿಲ್ಲ.

ವಿಷಯ ಇಷ್ಟು. ಎರಡು ವಾರದ ಹಿಂದೆ ಗಜ್ಜುಗ ತೆರೆದರೆ ಮೇಲ್ಗಡೆ ಒಂದು ಹಳದಿ ಪಟ್ಟಿ. 'ಜುಲೈ ಒಂದರಿಂದ ತಿಂಗಳಿಗೆ 349 ರೂಪಾಯಿ ಚಂದಾ.' ಅದು ಯಾರಿಗೋ ಹೊರಟ ನೋಟೀಸು, ವಿಳಾಸ ತಪ್ಪಿ ನನ್ನ ಮನೆಗೆ ಬಂದಿದೆ ಎಂದುಕೊಂಡಿದ್ದೇನೆ. ನಾನು ಆಜೀವ ಸದಸ್ಯ. ನಿಮ್ಮ ಯಜಮಾನ ಕಿರಣ್‌ಕುಮಾರ್ ನನ್ನ ಮನೆಯ ಜಗಲಿಯಲ್ಲಿ ಕೂತು, ನಾಲ್ಕನೇ ತಟ್ಟೆ ಇಡ್ಲಿಯನ್ನು ಬೇಡ ಬೇಡ ಎನ್ನುತ್ತಲೇ ಮುಗಿಸಿ, 'ಸಾರ್, ಒಂದ್ಸಲ ಸಾವಿರದ ಎಂಟ್ನೂರು ಕಟ್ಟಿದ್ರೆ ಜೀವಮಾನಕ್ಕೆ' ಅಂದಿದ್ದ. ಪಕ್ಕದಲ್ಲಿ ನೀನೂ ಇದ್ದೆ.

ನನ್ನೊಬ್ಬನದಾಗಿದ್ದರೆ ಕಾಗದ ಬರೆಯುತ್ತಿರಲಿಲ್ಲ. ನನ್ನ ಮಾತು ಕೇಳಿ ಗುಬ್ಬಿ, ಕುಣಿಗಲ್ ಎರಡೂ ಕಡೆ ಸೇರಿ ಹತ್ತೊಂಬತ್ತು ಜನ ಕಟ್ಟಿದ್ದಾರೆ. ಬಹುಪಾಲು ಮೇಷ್ಟ್ರುಗಳು. ಒಬ್ಬಾಕೆ ಮಾತ್ರ ಅಲ್ಲ, ನಮ್ಮ ಕುಣಿಗಲ್ ಶಾಲೆಯ ಬಿಸಿಯೂಟದ ಪುಟ್ಟಗಂಗಮ್ಮ. ಹೈಸ್ಕೂಲಿನ ಮೂರು ವರ್ಷ ಎರಡನೇ ಸಲ ಸಾರು ಹಾಕಿಸಿಕೊಳ್ಳಲು ನೀನು ಯಾರ ಮುಂದೆ ತಟ್ಟೆ ಹಿಡಿಯುತ್ತಿದ್ದೆಯೋ ಆಕೆಯೇ.

ಆ ಹಳದಿ ಪಟ್ಟಿಯನ್ನು ಎತ್ತಿಸಿಬಿಡು. ಮರಳೂರಿನ ಹೊಸ ಮನೆ ಹೇಗಿದೆ? ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ,
ಚನ್ನಬಸವಯ್ಯ
(ನಿವೃತ್ತ, ಆದರೆ ಆಜೀವ)


ತುಮಕೂರು
9 ಜೂನ್ 2025

ಪೂಜ್ಯ ಗುರುಗಳಿಗೆ ರೂಪಶ್ರೀ ಮಾಡುವ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಎಷ್ಟು ಖುಷಿಯಾಯಿತೆಂದರೆ ಮೊದಲ ಸಲ ಓದಿದಾಗ ವಿಷಯ ತಲೆಗೇ ಹೋಗಲಿಲ್ಲ. ಉಪ್ಪಾರಹಳ್ಳಿಯ ನಮ್ಮ ಆಫೀಸಿಗೆ ಕರೆಂಟ್ ಬಿಲ್ಲು ಬಿಟ್ಟರೆ ಕಾಗದ ಅಂತ ಬರುವುದು ನಿಮ್ಮದೊಂದೇ. ಸೆಕ್ಯೂರಿಟಿಯವರು 'ಮೇಡಂ, ಕೋರ್ಟ್ ನೋಟೀಸ್ ಬಂದದೆ' ಅಂತ ಹೆದರಿಸಿಯೇ ಕೊಟ್ಟರು.

ಸಾರ್, ನೀವು ಗಾಬರಿಯಾಗಬೇಡಿ. ಹಳೇ ಸದಸ್ಯರ ವಿಷಯ ಇನ್ನೂ ಮಾತುಕತೆಯಲ್ಲಿದೆ. ಕಿರಣ್ ಸಾರ್ ಬೆಂಗಳೂರಲ್ಲಿದ್ದಾರೆ, ಕಂಪನಿಗೆ ದುಡ್ಡು ಹಾಕಿರುವವರ ಜೊತೆ ಮೀಟಿಂಗು. ಬಂದ ತಕ್ಷಣ ಕೇಳಿ ಬರೆಯುತ್ತೇನೆ. ನಿಮ್ಮನ್ನು ಮರೆಯುವವರು ಇಲ್ಲಿ ಯಾರೂ ಇಲ್ಲ.

ಪುಟ್ಟಗಂಗಮ್ಮ ಆಟ ಮಾಡಿದ್ದಾರೆ ಅಂದರೆ ನಂಬಲಿಕ್ಕೇ ಆಗುತ್ತಿಲ್ಲ. ಯಾವ ಆಟ? ಅಮ್ಮ ನಿಮ್ಮನ್ನು ಕೇಳಿದರು. ಮನೆ ಚೆನ್ನಾಗಿದೆ, ನೀರು ಮಾತ್ರ ದಿನ ಬಿಟ್ಟು ದಿನ.

ನಿಮ್ಮ ವಿದ್ಯಾರ್ಥಿನಿ,
ರೂಪಶ್ರೀ


ಗುಬ್ಬಿ
16 ಜೂನ್ 2025

ಚಿ. ರೂಪಶ್ರೀಗೆ ಆಶೀರ್ವಾದಗಳು.

'ಗಾಬರಿಯಾಗಬೇಡಿ' ಎಂಬ ನಿನ್ನ ಒಂದು ಮಾತಿಗೆ ಎರಡು ಬಸ್ಸು ಹತ್ತಿ ಕುಣಿಗಲ್ಲಿಗೆ ಹೋಗಿಬಂದೆ. ಹತ್ತೊಂಬತ್ತು ಜನಕ್ಕೂ ಅಭಯ ಕೊಟ್ಟಾಯಿತು. ಹನ್ನೊಂದು ಜನಕ್ಕೆ ಮುಖತಃ, ಉಳಿದವರಿಗೆ ಫೋನಿನಲ್ಲಿ. 'ಹುಡುಗಿ ಅಲ್ಲೇ ಇದ್ದಾಳೆ, ನಮ್ಮವಳೇ, ನೋಡಿಕೊಳ್ತಾಳೆ' ಎಂದು ಹೇಳಿದ್ದೇನೆ. ಈ ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ನನ್ನ ಮಾತನ್ನು ಇಷ್ಟು ಶಾಂತವಾಗಿ ಕೇಳಿದ ತರಗತಿ ಇನ್ನೊಂದಿಲ್ಲ.

ಯಾವ ಆಟ ಎಂದು ಕೇಳಿದೆಯಲ್ಲ, ಅಳಗುಳಿಮಣೆ. ನಿನಗೂ ಗೊತ್ತಿರಬೇಕು: ಎರಡು ಸಾಲಿನಲ್ಲಿ ಏಳೇಳು ಗುಳಿ, ಗಜ್ಜುಗವನ್ನು ಒಂದೊಂದಾಗಿ ಬಿಡುತ್ತಾ ಸುತ್ತುವುದು, ಖಾಲಿ ಗುಳಿ ಸಿಕ್ಕರೆ ಅದರಾಚೆಯದನ್ನು ಬಾಚುವುದು. ಬಿಸಿಯೂಟಕ್ಕೆ ಸಾಲು ನಿಂತ ಮಕ್ಕಳು ಗಲಾಟೆ ಮಾಡಬಾರದೆಂದು ಆಕೆ ನೆಲದ ಮೇಲೆ ಬಿಡಿಸಿ ಆಡಿಸುತ್ತಿದ್ದಳು. ಆಟ ಅವಳದು, ಬ್ರೌಸರಿನಲ್ಲಿ ಎಳೆದು ಜೋಡಿಸಿದ ಕೈ ಮಾತ್ರ ನನ್ನದು. ಆಕೆಗೆ ಓದು ಬರದು. ಆದರೂ ಖಾತೆ ಆಕೆಯ ಹೆಸರಿನಲ್ಲೇ ಇರಲೆಂದು ಹಟ ಹಿಡಿದವನು ನಾನು. 'ಆಟದ ಯಜಮಾನಿ ನೀನವ್ವ, ನಿನ್ ಹೆಸ್ರಲ್ಲೇ ಕಟ್ಟು' ಅಂದೆ. ಅಡಿಗೆಯ ಗೌರವಧನದಲ್ಲೇ ಕಟ್ಟಿದಳು.

ಅವಳ ಆಟದಲ್ಲೊಂದು ವಿಚಿತ್ರ ನಿಯಮ. ಗೆದ್ದವರು ಎದುರಾಳಿಯ ಕಡೆ ಒಂದು ಗಜ್ಜುಗವನ್ನು ಬಿಟ್ಟೇ ಏಳಬೇಕು. ಇದೊಂದನ್ನು ನಿಮ್ಮ ಯಂತ್ರಕ್ಕೆ ಅರ್ಥಮಾಡಿಸಲು ಮೂರು ವಾರ ಬೇಕಾಯಿತು. ಗೆದ್ದವನು ಯಾಕೆ ಬಿಡಬೇಕೆಂದು ಅದು ಒಪ್ಪುವುದೇ ಇಲ್ಲ. ಯಾಕವ್ವ ಎಂದು ಆಕೆಯನ್ನೇ ಕೇಳಿದರೆ, 'ಎಲ್ಲಾ ಬಾಚ್ಕೊಂಡ್ ಹೋದ್ರೆ ನಾಳೀಕೆ ಯಾರ್ ಬತ್ತಾರೆ ಮೇಷ್ಟ್ರೆ ಆಡಾಕೆ?' ಅಂದಳು. ಈಗ ಆ ಆಟವನ್ನು ಶಾಲೆಯ ಕಂಪ್ಯೂಟರಿನಲ್ಲಿ ಸರದಿ ಹಚ್ಚಿ ಆಡುತ್ತಾರೆ. ಮೊದಲ ಪರದೆಯ ಮೇಲೆ ದೊಡ್ಡದಾಗಿ 'ಪುಟ್ಟಗಂಗಮ್ಮನ ಅಳಗುಳಿಮಣೆ' ಎಂದಿದೆ. ಅದು ತನ್ನ ಹೆಸರೆಂದು ಆಕೆಗೆ ಗೊತ್ತು. ಪಾತ್ರೆ ತೊಳೆದ ಮೇಲೆ ಬಂದು ನಿಂತು ಅದನ್ನು ನೋಡಿ ಹೋಗುತ್ತಾಳೆ.

ಮೊನ್ನೆಯೂ ಸೊಪ್ಪು ಬಿಡಿಸುತ್ತಾ ಕೇಳಿದಳು, 'ಮೇಷ್ಟ್ರೆ, ಜೀವ್ಮಾನ ಜೀವ್ಮಾನ ಅಂತೀರಲ್ಲ, ನಂದಾ, ಕಂಪ್ನೀದಾ?' ನಾಲ್ಕು ವರ್ಷದ ಹಿಂದೆಯೂ ಇದನ್ನೇ ಕೇಳಿದ್ದಳು. ಆಗ ನಕ್ಕಂತೆ ಈಗಲೂ ನಕ್ಕೆ. 'ನಿಂದೇ ಕಣವ್ವ, ನೂರು ವರ್ಷ' ಅಂದೆ.

ಕಿರಣ್‌ಕುಮಾರನಿಗೆ ನನ್ನ ಧನ್ಯವಾದ ಮುಟ್ಟಿಸು.

ಇತಿ,
ಚನ್ನಬಸವಯ್ಯ


ತುಮಕೂರು
3 ಜುಲೈ 2025

ಮಾನ್ಯರೇ,

ವಿಷಯ: ತಮ್ಮ ಆಜೀವ ಸದಸ್ಯತ್ವದ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, 2021ರ ಒಪ್ಪಂದದ ಪ್ರಕಾರ 'ಆಜೀವ' ಎಂದರೆ ಗಜ್ಜುಗದ ಎರಡನೇ ಆವೃತ್ತಿಯ ಜೀವಿತಾವಧಿ ಎಂದು ಅರ್ಥ. ಸದರಿ ಆವೃತ್ತಿಯು 30-06-2025ರಂದು ನಿವೃತ್ತಿ ಹೊಂದಿರುತ್ತದೆ. ಹಳೆಯ ಸದಸ್ಯರ ಮೇಲಿನ ಗೌರವಾರ್ಥ ಜುಲೈ ತಿಂಗಳನ್ನು ಉಚಿತವಾಗಿ ನೀಡಲಾಗಿದೆ. ಆಗಸ್ಟ್ ಒಂದರಿಂದ ಚಂದಾ ಕಟ್ಟದ ಖಾತೆಗಳ ಆಟಗಳನ್ನು ತಿದ್ದಲಾಗಲೀ ಆಡಲಾಗಲೀ ಬರುವುದಿಲ್ಲ. ಆಟಗಳನ್ನು ಅಳಿಸಲಾಗುವುದಿಲ್ಲ. ತಮ್ಮ ಸಹಕಾರವನ್ನು ಕೋರುತ್ತೇವೆ.

ರೂಪಶ್ರೀ ಕೆ.
ಮುಖ್ಯಸ್ಥೆ, ಬಳಕೆದಾರರ ಬಾಂಧವ್ಯ ವಿಭಾಗ

ಸಾರ್, ಇದು ಆಫೀಸಿನ ಕಾಗದ. ಬೇರೆ ಬರೀತೀನಿ. ದಯವಿಟ್ಟು ಬೇಜಾರು ಮಾಡ್ಕೋಬೇಡಿ.


ಗುಬ್ಬಿ
8 ಜುಲೈ 2025

ಶ್ರೀಮತಿ ಮುಖ್ಯಸ್ಥೆಯವರಿಗೆ,

ನಿವೃತ್ತಿ ಎಂಬ ಪದವನ್ನು ಸಾಫ್ಟ್‌ವೇರಿಗೂ ಬಳಸಿದ್ದೀರಿ. ಸಂತೋಷ. ಅದಕ್ಕೆ ಪಿಂಚಣಿ ಮಂಜೂರಾಗಿದೆಯೇ? ಹಾರ, ಶಾಲು, ಫಲತಾಂಬೂಲ ಕೊಟ್ಟಿರೇ? ಹಾಗಾದರೆ ಪುಟ್ಟಗಂಗಮ್ಮನ ಪ್ರಶ್ನೆಗೆ ನಾಲ್ಕು ವರ್ಷದ ಮೇಲೆ ಉತ್ತರ ಸಿಕ್ಕಿತು. ಅದು ಅವಳ ಜೀವಮಾನವಲ್ಲ, ಕಂಪನಿಯದು. ಓದು ಬರದವಳಿಗೆ ಹೊಳೆದದ್ದು ಎಂ.ಎಸ್ಸಿ. ಗಣಿತದ ನನಗೆ ಹೊಳೆಯಲಿಲ್ಲ.

ಚಂದಾ ಎಂದರೆ ನನಗೆ ವೈರವೇನಿಲ್ಲ. ಪೇಪರಿನವನಿಗೆ ತಿಂಗಳು ತಿಂಗಳೂ ಕೊಡುತ್ತೇನೆ, ಅವನು ದಿನಾ ಹೊಸ ಸುಳ್ಳು ತಂದು ಹಾಕುತ್ತಾನೆ. ಕೇಬಲ್ಲಿನವನಿಗೂ ಕೊಡುತ್ತೇನೆ, ಬೈಯಲು ಏನಾದರೂ ಬೇಕಲ್ಲ. ಬಡಗಿ ತನ್ನ ಉಳಿಗೆ ಬಾಡಿಗೆ ಕೇಳಲಿ, ನ್ಯಾಯ. ಆದರೆ ಅದೇ ಉಳಿಯಲ್ಲಿ ನಾನೇ ಕೆತ್ತಿದ ಮಣೆಯ ಮೇಲೆ ನಾನು ಕೂರಬೇಕಾದರೆ ತಿಂಗಳಿಗಿಷ್ಟು ಎಂದು ಕೇಳಿದರೆ? ಕೊಡದಿದ್ದರೆ ಮಣೆಯನ್ನು ನಿಮ್ಮ ಅಟ್ಟದಲ್ಲಿಟ್ಟು ಬೀಗ ಹಾಕಿ, 'ಚಿಂತಿಸಬೇಡಿ, ಒಡೆದು ಹಾಕಿಲ್ಲ' ಎಂದು ಸಮಾಧಾನ ಹೇಳಿದರೆ? ಕೊಟ್ಟುಬಿಡಿ ಎಂದರೆ ಕೊಡಲೂ ಬರುವುದಿಲ್ಲ, ನಿಮ್ಮ ಅಟ್ಟದ ಹೊರಗೆ ಅದು ಮಣೆಯೇ ಅಲ್ಲವಂತೆ. ಇದನ್ನು ಬ್ರೌಸರಿನ ಅನುಕೂಲ ಎಂದು ನೀವು ಹೊಗಳಿದಾಗ ನಾನೂ ತಲೆದೂಗಿದ್ದೆ. 'ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ' ಎಂದಿರಿ. ನಿಜ, ನಮ್ಮ ಮನೆಯಲ್ಲಿ ಏನೂ ಉಳಿಯಬೇಕಾಗಿಲ್ಲ.

ಇರಲಿ. ಲೋಕದ ಹೊಸ ರೀತಿಗೆ ನಾನೂ ಹೊಂದಿಕೊಳ್ಳಲು ನಿರ್ಧರಿಸಿದ್ದೇನೆ. ಗಜ್ಜುಗದ ಕನ್ನಡದ ಸಾಲು ಸಾವಿರದ ನಾನೂರ ಹನ್ನೆರಡು. ಎಲ್ಲವೂ ನನ್ನ ಕೈಯ ಕೆತ್ತನೆ. ಆಗ ನಾನು ಒಂದು ಪೈಸೆ ಕೇಳಲಿಲ್ಲ, ಕನ್ನಡದ ಕೆಲಸ ಎಂಬ ಹುಚ್ಚು. ಆ ಹುಚ್ಚಿನ ಆವೃತ್ತಿಯೂ 30-06-2025ರಂದು ನಿವೃತ್ತಿ ಹೊಂದಿರುತ್ತದೆ. ಇನ್ನು ಮುಂದೆ ಸಾಲೊಂದಕ್ಕೆ ತಿಂಗಳಿಗೆ ಒಂದು ರೂಪಾಯಿ ಬಾಡಿಗೆ. ಕಟ್ಟದಿದ್ದರೆ ಸಾಲುಗಳನ್ನು ಅಳಿಸಲಾಗುವುದಿಲ್ಲ, ಓದಲು ಮಾತ್ರ ಬರುವುದಿಲ್ಲ. ತಮ್ಮ ಸಹಕಾರವನ್ನು ಕೋರುತ್ತೇನೆ.

ಚನ್ನಬಸವಯ್ಯ
ಮುಖ್ಯಸ್ಥ, ಬೇಸ್ತುಬಿದ್ದವರ ವಿಭಾಗ


ತುಮಕೂರು
17 ಜುಲೈ 2025

ಸಾರ್,

ನಿಮ್ಮ ಕಾಗದವನ್ನು ಕಿರಣ್ ಸಾರ್ ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದರು. ಎಲ್ಲರೂ ನಕ್ಕರು. ಆಮೇಲೆ ಅದನ್ನು ವಕೀಲರಿಗೆ ಕೊಟ್ಟರು. 2021ರಲ್ಲಿ ನೀವು ಸಹಿ ಮಾಡಿದ ಒಪ್ಪಿಗೆ ಪತ್ರದ ನಕಲನ್ನು ಲಗತ್ತಿಸಲು ಹೇಳಿದ್ದಾರೆ, ಲಗತ್ತಿಸಿದ್ದೇನೆ. ಅನುವಾದದ ಹಕ್ಕನ್ನು 'ಶಾಶ್ವತವಾಗಿ, ಎಲ್ಲ ಆವೃತ್ತಿಗಳಿಗೂ' ಕೊಟ್ಟಿದ್ದೀರಿ. ಆ 'ಶಾಶ್ವತ'ಕ್ಕೆ ಕೊನೆ ದಿನಾಂಕ ಇಲ್ಲ ಸಾರ್. ನಾನೇ ಹುಡುಕಿದೆ.

ನಿಮಗೆ ಬೈಯಲು ನಾನೊಬ್ಬಳೇ ಸಿಕ್ಕಿದ್ದು. ಸರ್ವರಿಗೆ ಪ್ರತಿ ತಿಂಗಳೂ ನಾವು ಕಟ್ಟುತ್ತೇವೆ, ನಮಗೆ ಯಾರೂ ಆಜೀವ ಕೊಟ್ಟಿಲ್ಲ. ನಿಮ್ಮ ಹತ್ತೊಂಬತ್ತು ಜನ ನಾಲ್ಕು ವರ್ಷದ ಹಿಂದೆ ಒಂದು ಸಲ ಕಟ್ಟಿದರು. ಅವತ್ತಿನಿಂದ ಇವತ್ತಿನವರೆಗೆ 'ಮೇಡಂ, ಬಾಲ್ ಹಾರ್ತಾ ಇಲ್ಲ', 'ಮೇಡಂ, ಪಾಸ್‌ವರ್ಡ್ ಮರ್ತೋಯ್ತು' ಅಂತ ಭಾನುವಾರವೂ ಫೋನು. ಎತ್ತಿದವಳು ನಾನು. ನನ್ನ ಸಂಬಳ ಎಲ್ಲಿಂದ ಬರಬೇಕು? ಮರಳೂರಿನ ಮನೆಗೂ ತಿಂಗಳ ಬಾಡಿಗೆಯೇ ಸಾರ್, ಓನರು ಜೀವಮಾನಕ್ಕೆ ಅಂತ ಕೊಟ್ಟಿಲ್ಲ.

ನಿಮಗೆ ಮೋಸ ಮಾಡಿದೆವು ಅಂತೀರಿ. ಹಾಗಾದರೆ ನಿಮ್ಮ ನೋಟ್‌ಬುಕ್ಕು ತೆಗೆದು 1127ನೇ ಸಾಲು ನೋಡಿ. ಚಂದಾದ ಯೋಚನೆ ಮೊದಲ ದಿನದಿಂದಲೂ ಇತ್ತು. ನಿಮಗೆ ಕಳಿಸಿದ ಪಟ್ಟಿಯಲ್ಲೇ ಇತ್ತು. ಅದನ್ನು ಟೈಪು ಮಾಡುವಾಗ ನನ್ನ ಕೈ ನಿಂತಿತು. ಇವತ್ತು ಫೋನು ಮಾಡಿ ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಕಾದೆ. ನೀವು ಕೇಳಲಿಲ್ಲ. ಮುಂದಿನ ಕಂತು ಕಳಿಸಿದಿರಿ. ನಾನೂ ಹೇಳಲಿಲ್ಲ. ಆಗ ನನಗೆ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು.

ರೂಪಶ್ರೀ


ಗುಬ್ಬಿ
24 ಜುಲೈ 2025

ರೂಪಶ್ರೀ,

ನೋಟ್‌ಬುಕ್ಕು ತೆಗೆದೆ. ಆರನೇ ಪುಸ್ತಕ, ಹದಿನೇಳನೇ ಪುಟ.

ನೀವು ಕಳಿಸಿದ ಮೂಲ ಒರಟಾಗಿತ್ತು. 'ಅವಧಿ ಮುಗಿದಿದೆ, ಆಟ ತೆರೆಯಲು ಹಣ ಪಾವತಿಸಿ' ಎಂಬಷ್ಟೇ. ಮೊದಲು ಹಾಗೇ ಬರೆದು ಹೊಡೆದು ಹಾಕಿದ್ದೇನೆ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ನನಗೇ ಒಂದು ಷರಾ: 'ಇದು ಅಮಲ್ದಾರನ ಭಾಷೆ. ಸದಸ್ಯರು ಮನೆಗೆ ಬಂದ ನೆಂಟರಂತೆ.' ಅದರ ಕೆಳಗೆ ದುಂಡಗೆ ಹೀಗಿದೆ:

'ಪ್ರಿಯ ಸದಸ್ಯರೇ, ತಮ್ಮ ಅವಧಿ ಸಂಪೂರ್ಣವಾಗಿದೆ. ತಾವು ಕಟ್ಟಿದ ಆಟ ನಮ್ಮ ಬಳಿ ಜೋಪಾನವಾಗಿದೆ. ತಾವು ದಯಮಾಡಿ ಮತ್ತೆ ಬರಬೇಕು, ಬಾಗಿಲು ತೆರೆಯಲು ಕಾದಿದ್ದೇವೆ.'

ಅವಧಿ ಯಾರದು, ಬಾಗಿಲು ಯಾಕೆ ಮುಚ್ಚಿತು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. 'ಕಾದಿದ್ದೇವೆ' ಸರಿಯೋ 'ಕಾಯುತ್ತಿದ್ದೇವೆ' ಸರಿಯೋ ಎಂದು ಅರ್ಧ ದಿನ ಯೋಚಿಸಿದೆ. ಪರೀಕ್ಷೆಯಲ್ಲಿ ಲೆಕ್ಕ ಓದದೆ ಮಾರ್ಜಿನ್ನು ಚೆಂದ ಗೆರೆ ಹಾಕುವ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನಲ್ಲ, ಅವರನ್ನೆಲ್ಲ ಕರೆದು ಕ್ಷಮೆ ಕೇಳಬೇಕು.

ನೀನು ಕಾದೆ ಎಂದೆ. ನನ್ನ ಶಿಷ್ಯೆ. ತಪ್ಪು ಕಂಡರೆ ಎದ್ದು ನಿಂತು ಹೇಳು ಎಂದು ನಿನಗೆ ಕಲಿಸಿದವನು ನಾನೇ ಎಂದು ಇಷ್ಟು ದಿನ ತಿಳಿದಿದ್ದೆ.

ಬಾಡಿಗೆಯ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಒಂದೇ ಬೇಡಿಕೆ. ಆಗಸ್ಟ್ ಒಂದಕ್ಕೆ ಮುಂಚೆ ಆ ಸಾಲನ್ನು ಬದಲಿಸು. 'ದುಡ್ಡು ಕೊಡಿ, ಇಲ್ಲದಿದ್ದರೆ ನಿಮ್ಮ ಆಟ ಕೊಡುವುದಿಲ್ಲ' ಎಂದು ಹಾಕು. ಬೀಗ ನಿಮ್ಮದು, ಹಾಕಿಕೊಳ್ಳಿ. ಅದಕ್ಕೆ ನನ್ನ ಮರ್ಯಾದೆಯ ತೋರಣ ಬೇಡ.

ಚನ್ನಬಸವಯ್ಯ


ತುಮಕೂರು
2 ಆಗಸ್ಟ್ 2025

ಸಾರ್,

ಕೇಳಿದೆ. ಎರಡು ಸಲ ಕೇಳಿದೆ, ಎದ್ದು ನಿಂತೇ ಕೇಳಿದೆ. ಕಿರಣ್ ಸಾರ್ ಆಗಲ್ಲ ಅಂದರು. ಇಂಗ್ಲಿಷಿನ ಸಾಲು ಓದಿದವರು ಬೈದು ಬೈದು ಬರೆಯುತ್ತಾರೆ, ಕನ್ನಡದ್ದು ಓದಿದವರು ಯಾರೂ ಬೈದಿಲ್ಲ, ಅದನ್ನು ಮುಟ್ಟಬೇಡ ಅಂದರು. ನಿನ್ನೆ ಬೆಳಿಗ್ಗೆಯಿಂದ ಅದು ಎಲ್ಲ ಹಳೇ ಖಾತೆಗಳಲ್ಲೂ ಬರುತ್ತಿದೆ.

ಪುಟ್ಟಗಂಗಮ್ಮನ ಒಂದು ವರ್ಷದ ಚಂದಾವನ್ನು ನನ್ನ ಸಂಬಳದಲ್ಲಿ ಕಟ್ಟುತ್ತೇನೆ. ಆದರೆ ಕಟ್ಟಲು ಅವರ ಮೊಬೈಲಿಗೆ ಬರುವ ನಂಬರು ಬೇಕು. ನೀವು ಹೋಗಿ ಕೇಳಿ ಹೇಳಿದರೆ ಸಾಕು. ನಾನು ಅಂತ ಹೇಳಬೇಡಿ. ನಿಮ್ಮ ಮಾತು ಉಳಿಯುತ್ತದೆ, ಅವರ ಹೆಸರೂ ಪರದೆ ಮೇಲೆ ಉಳಿಯುತ್ತದೆ. ಉಳಿದ ಹದಿನೆಂಟು ಜನಕ್ಕೆ ನನ್ನ ಕೈಲಿ ಆಗಲ್ಲ.

ಅವತ್ತು ನಾನು ಫೋನು ಮಾಡಬೇಕಾಗಿತ್ತು.

ರೂಪಶ್ರೀ


ಗುಬ್ಬಿ
12 ಆಗಸ್ಟ್ 2025

ರೂಪಶ್ರೀ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ನಿನ್ನೆ ಕುಣಿಗಲ್ಲಿಗೆ ಹೋದೆ. ದಾರಿಯುದ್ದಕ್ಕೂ ಮಾತು ಕಟ್ಟುತ್ತಿದ್ದೆ. 'ಅವ್ವ, ನನ್ನ ಮಾತು ಸುಳ್ಳಾಯ್ತು' ಎಂದು ಶುರು ಮಾಡಬೇಕೆಂದಿತ್ತು. ಆಕೆ ಬೈಯಲಿ, ಸೌಟಿನಲ್ಲಿ ಹೊಡೆಯಲಿ ಎಂದೇ ಇತ್ತು. ಉಳಿದ ಹದಿನೆಂಟು ಜನರಲ್ಲಿ ಆರು ಜನ ಆಗಲೇ ಫೋನಿನಲ್ಲಿ ಆ ಕೆಲಸ ಮುಗಿಸಿದ್ದಾರೆ. 'ಎಷ್ಟು ಕಮಿಷನ್ ಬಂತು ಸಾರ್?' ಎಂದು ನಾಗೇಶ್ ಮೇಷ್ಟ್ರು ಬಹಳ ವಿನಯದಿಂದ ಕೇಳಿದರು.

ಊಟದ ಹೊತ್ತು ಮುಗಿದಿತ್ತು. ಪುಟ್ಟಗಂಗಮ್ಮ ಕಂಪ್ಯೂಟರಿನ ಮುಂದೆ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಪರದೆಯ ಮೇಲೆ ಅವಳ ಹೆಸರಿಲ್ಲ. ಅದಿದ್ದ ಕಡೆ ಮೂರು ಸಾಲು, ಕೆಳಗೆ ಹಣ ಕಟ್ಟಲು ಒಂದು ಹಸಿರು ಗುಂಡಿ.

'ಬನ್ನಿ ಮೇಷ್ಟ್ರೆ, ಒಳ್ಳೇ ಟೈಮಿಗೆ ಬಂದ್ರಿ' ಅಂದಳು. 'ಹತ್ತು ದಿನ ಆಯ್ತು, ನನ್ ಹೆಸ್ರು ಹೋಗಿ ಇದು ಕೂತದೆ. ಮಕ್ಳು ಲಾಕ್ ಆಗದೆ ಅಜ್ಜಿ ಅಂತವೆ. ಏನ್ ಬರ್ದವ್ರೆ, ವಸಿ ಓದಿ.'

ಓದಿದೆ. ಬೇರೆಯವರು ಬರೆದದ್ದನ್ನು ಓದುವವನ ಹಾಗೆ ಓದಬೇಕೆಂದು ಪ್ರಯತ್ನ ಮಾಡಿದೆ. ಬರಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು ಎಂದು ನಾಲಿಗೆಗೆ ಗೊತ್ತಿತ್ತು.

ಆಕೆ ಪರದೆಗೆ ಇನ್ನಷ್ಟು ಹತ್ತಿರ ಬಂದಳು. 'ಇನ್ನೊಂದ್ಸಲ ಓದಿ' ಅಂದಳು. ಓದಿದೆ.

'ನನ್ನೇ ತಾವು ಅಂತವ್ರಾ?'

'ಹೂಂ.'

'ಇಪ್ಪತ್ತೆರಡ್ ವರ್ಸ ಆಯ್ತು ಈ ಒಲೆ ಮುಂದೆ ನಿಂತು. ಏ ಅಡಿಗೆಯವ್ಳೆ, ಏ ಇವ್ಳೆ, ಅಷ್ಟೇಯ. ನನ್ನ ಜಲ್ಮದಲ್ಲಿ ತಾವು ಅಂದೋರಿಲ್ಲ ಮೇಷ್ಟ್ರೆ. ನೀವೂ ಅಂದಿಲ್ಲ, ಬುಡಿ.' ನಗುತ್ತಲೇ ಅಂದಳು. ಆಮೇಲೆ ಕೇಳಿದಳು, 'ಎಷ್ಟಂತೆ?'

ಹೇಳಿದೆ. ಪ್ರತಿ ತಿಂಗಳೂ ಎಂದೂ ಹೇಳಿದೆ. ಮೋಸ ಎಂದೆ. ಬೇರೊಬ್ಬರು ಕಟ್ಟುತ್ತಾರೆ, ನೀನು ಕಟ್ಟಬೇಡ ಎಂದೆ.

'ಯಾರೋ ಯಾಕ್ ಕಟ್ಬೇಕು? ಕರ್ದಿರೋದು ನನ್ನ' ಅಂದಳು. 'ಮೋಸ ಮಾಡೋರು ಹಿಂಗ್ ಬರೀತಾರಾ? ಇದ್ ಬರ್ದೋರು ಯಾರೋ ದೊಡ್ ಮನಸಿನೋರು ಇರ್ಬೇಕು. ಇಷ್ಟ್ ಮರ್ವಾದಿ ಕೊಟ್ ಕರೆಯೋರ್ಗೆ ಇಲ್ಲ ಅನ್ನಕಾಯ್ತದಾ? ಒತ್ತಿ ಮೇಷ್ಟ್ರೆ ಅದ.'

ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ನಂಬರು ಬಂತು. ನಿನಗೆ ಹೇಳಬೇಕಾಗಿದ್ದ ಅದೇ ನಂಬರನ್ನು ನಾನೇ ತುಂಬಿದೆ, ಅವಳ ಖಾತೆಯಿಂದ, ಅವಳ ಗೌರವಧನದಿಂದ. ಪರದೆಯ ಮೇಲೆ ಹೆಸರು ಮರಳಿ ಬಂತು. ಇದನ್ನು ಬರೆದವರು ಸಿಕ್ಕರೆ ನನ್ನ ಸರಣು ಹೇಳಿ ಎಂದು ಆಕೆ ಬಾಗಿಲವರೆಗೆ ಬಂದು ಹೇಳಿ ಕಳಿಸಿದಳು.

ಹೇಳುತ್ತೇನೆ ಎಂದು ಬಂದಿದ್ದೇನೆ.

ಚನ್ನಬಸವಯ್ಯ